ಕಟ್ಟಿದ ಬಾಯಿ

“ಬಾಯಿ ಕಟ್ಟೋದು ಸಲೀಸು ಕಣಪ್ಪಾ. ಆದ್ರೆ ಬಾಯಿ ಕಟ್ಟಿದ್ರೆ ಮಾತು ಸಾಯಲ್ಲ. ಅದಕ್ಕೊಂದು ಗಂಟಲು ಬೇಕು. ಕಟ್ಟಿಸ್ದೋನ ಗಂಟಲನ್ನೇ ಹುಡುಕ್ಕಂಡ್ ಬತ್ತದೆ. ಆಮ್ಯಾಲೆ ನನ್ ಬಾಗ್ಲಿಗೆ ಬಂದು ಅಳಬ್ಯಾಡ,” ಎಂದಳು ತೀರ್ಥಮ್ಮ.

ಪ್ರದ್ಯುಮ್ನ ನಕ್ಕುಬಿಟ್ಟ. “ಗ್ಯಾರಂಟಿ ಕಾರ್ಡು ಏನಾದ್ರೂ ಕೊಡ್ತೀಯೇನಜ್ಜಿ?”

ಮುದುಕಿ ನಗಲಿಲ್ಲ. ದೇವನೂರು ದಾಟಿ ಜಾಲಿಪೊದೆಗಳ ನಡುವೆ ನಿಂತ ಶೀಟಿನ ಮನೆ ಅದು. ಹೊರಗೆ ಡಿಶ್ ಆಂಟೆನಾ, ಗೂಟಕ್ಕೆ ಕಟ್ಟಿದ ಎಮ್ಮೆ, ಕಣ್ಣು ಕುಕ್ಕುವ ಬಿಸಿಲು. ಒಳಗೆ ಮಾತ್ರ ನಡುಮಧ್ಯಾಹ್ನದಲ್ಲೂ ಮಬ್ಬು. ಲೋಬಾನದ ಹೊಗೆ, ಕಮಟು ಹರಳೆಣ್ಣೆ, ಅವೆರಡರ ಅಡಿಯಲ್ಲಿ ಒಣಗಿದ ಕೋಳಿರಕ್ತದ ಹಸಿವಾಸನೆ. ಪ್ರದ್ಯುಮ್ನ ತನ್ನ ಕೆಲಸಕ್ಕೆಂದು ಅಲ್ಲಿಗೆ ಬಂದವನಲ್ಲ. ಅವನ ತೆಂಗಿನ ನಾರಿನ ಕಾರ್ಖಾನೆಯ ಲಾರಿ ಹಿಂದಿನ ವಾರ ಹಳ್ಳಕ್ಕೆ ಇಳಿದಿತ್ತು. ತೀರ್ಥಮ್ಮನ ಕೈಯಿಂದ ತಾಯತ ಕಟ್ಟಿಸಿಕೊಳ್ಳದೆ ಸ್ಟೀರಿಂಗ್ ಮುಟ್ಟುವುದಿಲ್ಲ ಎಂದು ಡ್ರೈವರ್ ಚನ್ನಬಸಪ್ಪ ಹಟ ಹಿಡಿದಿದ್ದ. ಬೇರೆ ದಾರಿ ಕಾಣದೆ ಪ್ರದ್ಯುಮ್ನ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದ.

ತಾಯತ ಕಟ್ಟಿಸಿಕೊಂಡು ಚನ್ನಬಸಪ್ಪ ಹೊರಗೆ ಹೋದ ಮೇಲೆ ಮುದುಕಿ ಇವನ ಕಡೆ ತಿರುಗಿ, “ನಿಂಗೆ ಯಾರ ಬಾಯಿ ಕಟ್ಟಬೇಕು?” ಎಂದು ಕೇಳಿದ್ದಳು. “ಬಂದಾಗಿಂದ ಫೋನಲ್ಲಿ ಒಬ್ಬನ ಮ್ಯಾಲೇ ಹಲ್ಲು ಕಡೀತಿದ್ದೀಯಲ್ಲ.”

ಅದು ನಿಜ. ಹೊರಗೆ ನಿಂತು ಹೆಂಡತಿ ಶರ್ವಾಣಿಗೆ ಅವನು ಹೇಳುತ್ತಿದ್ದುದು ಒಂದೇ ಮಾತು: ಕೊಯಮತ್ತೂರಿನ ಹಾಸಿಗೆ ಕಂಪನಿಯವರು ಬರುವ ದಿನ ತಿಪ್ಪೇಶ ಬಾಯಿ ಬಿಡಬಾರದು.

ತಿಪ್ಪೇಶ ಅವನ ಪಾಲುದಾರ. ಸಿಂಗಟಗೆರೆಯವನು. ತೆಂಗಿನ ಮಟ್ಟೆ ಬಡಿದು ನಾರು ತೆಗೆಯುವ ಒಂದು ಹಳೆಯ ಮಷೀನಿನೊಂದಿಗೆ ಕಡೂರು ರಸ್ತೆಯಲ್ಲಿ ಶೆಡ್ಡು ಹಾಕಿದವನು ಅವನೇ. ಖಾಸಗಿ ಕಂಪನಿಯ ಸೇಲ್ಸ್ ಕೆಲಸ ಬಿಟ್ಟು ಕಡೂರಿಗೆ ಮರಳಿದ್ದ ಪ್ರದ್ಯುಮ್ನ ಆಮೇಲೆ ಸೇರಿಕೊಂಡ. ಒಬ್ಬನಿಗೆ ಮಷೀನು ಗೊತ್ತು, ಆಳುಕಾಳು ಗೊತ್ತು. ಇನ್ನೊಬ್ಬನಿಗೆ ಬ್ಯಾಂಕು ಗೊತ್ತು, ಇಂಗ್ಲಿಷು ಗೊತ್ತು. ಮೊದಮೊದಲು ಇಬ್ಬರೂ ದಿನಾ ಬೆಳಿಗ್ಗೆ ಮಟ್ಟೆರಾಶಿಯ ಮೇಲೆ ಕೂತು ಅಂದಿನ ಕೆಲಸ ಮಾತಾಡಿಕೊಳ್ಳುತ್ತಿದ್ದರು. ಕಾರ್ಖಾನೆ ಬೆಳೆಯಿತು, ಆ ಕೂರುವಿಕೆ ನಿಂತಿತು. ಈಗ ಅಜ್ಜಂಪುರದಲ್ಲಿ ಎರಡನೇ ಘಟಕ ಹಾಕುವ ಮಾತು ನಡೆದಿತ್ತು. ಹಿಂದಿನ ಸಲ ಒಬ್ಬ ದೊಡ್ಡ ವ್ಯಾಪಾರಿ ಬಂದಾಗ ತಿಪ್ಪೇಶ ಹಲ್ಲು ಕಿರಿದು, “ನಮ್ ನಾರಲ್ಲಿ ಪುಡಿ ಜಾಸ್ತಿ ಸ್ವಾಮಿ, ಮೊದ್ಲು ಅದನ್ನ ಸರಿ ಮಾಡ್ಕಂತೀವಿ,” ಎಂದುಬಿಟ್ಟಿದ್ದ. ವ್ಯಾಪಾರಿ ತಿರುಗಿ ಬರಲಿಲ್ಲ. ಅಂದಿನಿಂದ ಆ ಹೊಗೆಸೊಪ್ಪಿನ ಬಾಯಿ, ಆ ಒರಟು ದನಿ, ಆ ಹೆಗಲ ಟವೆಲು, ಎಲ್ಲವೂ ಪ್ರದ್ಯುಮ್ನನಿಗೆ ಮೈಮೇಲಿನ ಕೊಳೆಯಂತೆ ಕಾಣತೊಡಗಿದ್ದವು.

“ಹೆಸರು ತಿಪ್ಪೇಶ,” ಎಂದ ಅವನು, ನಗುತ್ತಲೇ.

“ಅವನ ಬಾಯಿ ಮುಟ್ಟಿದ್ದು ಏನಾದ್ರೂ ಇದ್ರೆ ತಾ.”

ಕಾರಿನ ಬಾಗಿಲಿನ ಸಂದಿಯಲ್ಲಿ ಒಂದು ಪೇಪರ್ ಕಪ್ಪಿತ್ತು. ಅಂದು ಬೆಳಿಗ್ಗೆ ಪ್ರದ್ಯುಮ್ನನ ಮನೆಗೆ ಬಂದಿದ್ದ ತಿಪ್ಪೇಶ, ಅಮ್ಮ ಕೊಟ್ಟ ಕಾಫಿ ಹೀರುತ್ತಲೇ ಕಾರು ಹತ್ತಿ, ಕಾರ್ಖಾನೆಯ ಹತ್ತಿರ ಇಳಿಯುವಾಗ ಕಪ್ಪನ್ನು ಅಲ್ಲೇ ಸಿಕ್ಕಿಸಿ ಹೋಗಿದ್ದ. ಮುದುಕಿಯ ಮನೆಯಿಂದ ಕಾರಿನವರೆಗೆ ಬಿಸಿಲಿನಲ್ಲಿ ನಡೆಯುವಾಗ ಪ್ರದ್ಯುಮ್ನನ ನಗು ಎಲ್ಲೋ ಉದುರಿಹೋಯಿತು. ಹಿಂದಿರುಗಿ ಬರುವಾಗ ಕಪ್ಪನ್ನು ಚನ್ನಬಸಪ್ಪನಿಗೆ ಕಾಣದಂತೆ ಅಂಗೈಯಲ್ಲಿ ಮರೆಮಾಡಿಕೊಂಡಿದ್ದ. ತಮಾಷೆಯಾಗಿದ್ದರೆ ಮರೆಮಾಡುವುದೇಕೆ ಎಂದು ಆಗ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಮುದುಕಿ ಕಪ್ಪಿನೊಳಗೆ ಹುತ್ತದ ಮಣ್ಣು ತುಂಬಿದಳು. ಕಪ್ಪಿನ ಬಾಯಿ ಮಡಚಿ, ಕರಿದಾರದಿಂದ ಹೊಲಿಯತೊಡಗಿದಳು. ಪ್ರತಿ ಹೊಲಿಗೆಗೂ ಅವಳ ತುಟಿ ಮಿಸುಕುತ್ತಿತ್ತು. ಕೊನೆಯ ಗಂಟು ಬಿಗಿದಾಗ ಎಲ್ಲೋ ಒಂದು ಸದ್ದು. ಬಾಯಿ ಮುಚ್ಚಿ ಹಿಡಿದವನು ಮೂಗಿನಲ್ಲಿ ನರಳಿದಂಥ ಸದ್ದು.

ಹೊರಗಿನ ಎಮ್ಮೆಯಿರಬೇಕು ಎಂದುಕೊಂಡ ಪ್ರದ್ಯುಮ್ನ.

“ಅವನು ಓಡಾಡೋ ಜಾಗದಲ್ಲಿ ಹೂಳು,” ಎಂದಳು ತೀರ್ಥಮ್ಮ.

ಕಾರ್ಖಾನೆಯ ಹಿಂದೆ ನಾರು ತೆಗೆದ ಮೇಲೆ ಉಳಿಯುವ ಪುಡಿಯ ಗುಡ್ಡವಿತ್ತು. ಕಂದುಕಪ್ಪು ಬಣ್ಣ. ಮೇಲೆ ಒಣಗಿ ಹಗುರಾಗಿ ಕಂಡರೂ ಒಳಗೆ ಸದಾ ಒದ್ದೆ, ಸದಾ ಬಿಸಿ. ಹತ್ತಿರ ಹೋದರೆ ಕೊಳೆತ ಮಟ್ಟೆಯ ಹುಳಿವಾಸನೆ ಮೂಗಿಗೆ ಅಡರುತ್ತಿತ್ತು. ಪ್ರದ್ಯುಮ್ನ ಅದರ ಬುಡಕ್ಕೆ ಮೊಣಕೈಯವರೆಗೂ ತೋಳು ತೂರಿಸಿ ಕಪ್ಪನ್ನು ಬಿಟ್ಟು ಬಂದ.

ಮರುದಿನವೇ ತಿಪ್ಪೇಶನ ಗಂಟಲು ಕಟ್ಟಿತು. “ಧೂಳು ಕಣ್ರೀ,” ಎಂದು ಪಿಸುದನಿಯಲ್ಲಿ ನಕ್ಕ. ಕಂಪನಿಯವರು ಬರುವ ಹೊತ್ತಿಗೆ ಆ ಪಿಸುದನಿಯೂ ಹೋಗಿತ್ತು. ಪ್ರದ್ಯುಮ್ನನಿಗೆ ಒಳಗೊಳಗೇ ಅಳುಕಾಯಿತು. ಕಾಕತಾಳೀಯ ಎಂದು ಅದನ್ನು ಒತ್ತಿಬಿಟ್ಟ.

ಅಂದು ಮಷೀನು ನಿಲ್ಲಿಸಿದ್ದರು. ಶೆಡ್ಡಿನ ನೆರಳಿನಲ್ಲಿ ಕುರ್ಚಿಗಳು, ಎಳನೀರು. ಕಂಪನಿಯ ಮ್ಯಾನೇಜರ್ ಶ್ರೀರಾಮ್ ಮೈಸೂರಿನ ಕಡೆಯವನು, ಕನ್ನಡ ಬಲ್ಲವನು. ಪ್ರದ್ಯುಮ್ನ ಅಜ್ಜಂಪುರದ ಘಟಕದ ನಕ್ಷೆ ಹರಡಿ ನಿರರ್ಗಳವಾಗಿ ಮಾತಾಡಿದ. ಎಲ್ಲ ಕೇಳಿಸಿಕೊಂಡ ಶ್ರೀರಾಮ್ ಪಕ್ಕಕ್ಕೆ ತಿರುಗಿ, “ಇವರು ಹೇಳಿದ್ದಾಯ್ತು. ತಿಪ್ಪೇಶ್, ನೀವೇನಂತೀರಿ?” ಎಂದ.

ತಿಪ್ಪೇಶ ಎದ್ದು ನಿಂತ. ಬಾಯಿ ತೆರೆದ. ಕುತ್ತಿಗೆಯ ನರಗಳು ಉಬ್ಬಿದವು. ಏನೂ ಹೊರಡಲಿಲ್ಲ.

ಅವನಿಗೆ ಗಂಟಲುನೋವು ಎಂದು ಹೇಳಲು ಪ್ರದ್ಯುಮ್ನ ಬಾಯಿ ತೆರೆದ. ನಾಲಿಗೆ ಭಾರವಾಯಿತು. ಜನ್ಮದಲ್ಲಿ ಹೊಗೆಸೊಪ್ಪು ಮುಟ್ಟದವನ ಬಾಯಿ ತುಂಬ ಹೊಗೆಸೊಪ್ಪಿನ ಖಾರ. ನುಂಗಿದ್ದೇನೋ ಹಿಮ್ಮುಖವಾಗಿ ಮೇಲೇರಿ ಬರುತ್ತಿದ್ದ ಹಾಗೆ ಗಂಟಲು ಉಬ್ಬಿತು. ಅದರಿಂದ ಹೊರಬಿದ್ದ ದನಿ ಅವನದಾಗಿರಲಿಲ್ಲ.

“ನಾನೇನ್ ಹೇಳ್ಲಿ ಸಾರ್. ಮಟ್ಟೆ ಬಡಿಯೋದು ನಂಗೊತ್ತು, ಮಾತಾಡೋದು ಪ್ರದ್ಯುಮ್ನಣ್ಣಂಗೊತ್ತು. ಹೋದ್ ಸಲ ನಾನ್ ಬಾಯಿ ಹಾಕಿ ಕೆಡಿಸ್ದೆ. ಅಜ್ಜಂಪುರದ್ದು ಅವ್ರು ಹೆಂಗ್ ಅಂತಾರೋ ಹಂಗೇ ಆಗ್ಲಿ. ನಾನು ಅವ್ರ ಹಿಂದೆ ನಿಂತಿರ್ತೀನಿ.”

ಅದೇ ಒರಟು, ಅದೇ ಎಳೆತ. ಕಣ್ಣು ಮುಚ್ಚಿದರೆ ತಿಪ್ಪೇಶನೇ.

ಶ್ರೀರಾಮನ ಮುಖ ಬಿಗಿದುಕೊಂಡಿತು. ಗಂಟಲು ಕಟ್ಟಿ ನಿಂತ ಪಾಲುದಾರನನ್ನು ಅವನ ದನಿಯಲ್ಲೇ ಅಣಕಿಸಿ, ಅವನ ಬಾಯಿಂದೆಂಬಂತೆ ತನ್ನನ್ನೇ ಹೊಗಳಿಕೊಳ್ಳುವ ಮನುಷ್ಯನನ್ನು ಅವನು ನೋಡುತ್ತಿದ್ದ. ಆಳುಹೆಂಗಸರ ಮುಂದಾಳು ಹುಲಿಗೆಮ್ಮ ಮೂಗಿಗೆ ಕಟ್ಟಿದ್ದ ಬಟ್ಟೆ ಸರಿಸಿ, “ಥೂ,” ಎಂದು ಪಕ್ಕಕ್ಕೆ ಉಗಿದಳು. ಪ್ರದ್ಯುಮ್ನನ ಕಿವಿ ಕಾದು ಕೆಂಪಾದವು. ತಿಪ್ಪೇಶನಿಗೆ ಮಾತ್ರ ಸಿಟ್ಟು ಬಂದಿರಲಿಲ್ಲ. ಅವನು ತನ್ನ ತುಟಿಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅವನ ಕಣ್ಣಿನಲ್ಲಿದ್ದದ್ದು ಭಯ. ಆ ಮಾತುಗಳು ತನ್ನವೇ, ತಾನು ಎದ್ದು ನಿಂತು ಹೇಳಬೇಕೆಂದಿದ್ದವು ಎಂದು ಅವನೊಬ್ಬನಿಗೆ ಗೊತ್ತಿತ್ತು.

ಕಂಪನಿಯವರು ಎಳನೀರು ಮುಗಿಸದೆ ಹೊರಟರು.

ಆ ಸಂಜೆ ಕಡೂರಿನ ಮನೆಯಲ್ಲಿ ಪ್ರದ್ಯುಮ್ನ ಊಟಕ್ಕೆ ಕೂತ. ಅಮ್ಮ ಜಾನಕಮ್ಮ ಸಾರು ಬಡಿಸುತ್ತಿದ್ದರು. ಸಾರಿನ ಘಮದ ನಡುವೆ ಮತ್ತೆ ಆ ಹೊಗೆಸೊಪ್ಪಿನ ಖಾರ ನಾಲಿಗೆಗೆ ಬಂತು. ಅನ್ನದ ತುತ್ತು ಗಂಟಲಲ್ಲೇ ನಿಂತಿತು.

“ಕಾಫಿ ಚೆನ್ನಾಗಿತ್ತು ಜಾನಕಮ್ಮಾರೆ,” ಎಂದಿತು ಅವನ ಬಾಯಿ. “ನಿಮ್ ಕೈ ಕಾಫಿ ಯಾವಾಗ್ಲೂ ಚೆನ್ನಾಗಿರ್ತದೆ. ಆದ್ರೆ ಬಂದೋರ್ಗೆಲ್ಲಾ ಲೋಟ, ನಂಗೊಬ್ಬಂಗೆ ಪೇಪರ್ ಕಪ್ಪು. ನೀವ್ ದೊಡ್ಡೋರು, ನಿಮ್ ಕಾಲ ಹಂಗಿತ್ತು. ಪ್ರದ್ಯುಮ್ನಣ್ಣ ನೋಡಿದ್ರೂ ನೋಡ್ದಂಗೆ ಕೂತಿರ್ತಾರಲ್ಲ, ಅದು ಕಣ್ರೀ ನಂಗೆ…”

ಅಲ್ಲಿಗೆ ನಿಂತಿತು. ದೂರದ ಸಿಂಗಟಗೆರೆಯಲ್ಲಿ ತಿಪ್ಪೇಶ ಮಾತನ್ನು ನುಂಗಿಕೊಂಡಿರಬೇಕು.

ಜಾನಕಮ್ಮನ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಗೆ ಬಿತ್ತು. ಶರ್ವಾಣಿ ಅತ್ತೆಯ ಕಡೆ ನೋಡಲಿಲ್ಲ, ಗಂಡನನ್ನೇ ನೋಡಿದಳು. “ಅದೇನು ದನಿ?” ಎಂದು ಅವಳು ಕೇಳಲೂ ಇಲ್ಲ. ಅವಳು ನೋಡಿದ ಬಗೆ ತಾಳಲಾರದೆ ಅವನು ತಟ್ಟೆ ಬಿಟ್ಟು ಎದ್ದ.

ಆಮೇಲೆ ತಿಪ್ಪೇಶ ಕಾರ್ಖಾನೆಗೆ ಬರಲಿಲ್ಲ. ತರೀಕೆರೆಯ ಡಾಕ್ಟರೊಬ್ಬರು ಗಂಟಲಿಗೆ ದೀಪ ಹಿಡಿದು ನೋಡಿ, ಎಲ್ಲ ಸರಿಯಾಗಿದೆಯಲ್ಲ ಎಂದು ತಾವೇ ಗೊಂದಲಕ್ಕೆ ಬಿದ್ದರಂತೆ. ಅನ್ನ ಇಳಿಯುವುದಿಲ್ಲ ಎಂಬ ಸುದ್ದಿ ಬಂತು. ಆಮೇಲೆ ನೀರೂ ಇಳಿಯುವುದಿಲ್ಲ ಎಂದು. ಪ್ರದ್ಯುಮ್ನ ತಡೆಯಲಾರದೆ ಸಿಂಗಟಗೆರೆಗೆ ಹೋದ.

ಬಾಗಿಲಲ್ಲಿ ತಿಪ್ಪೇಶನ ಅಪ್ಪ ಈರಭದ್ರಪ್ಪ ಕುಕ್ಕುರುಗಾಲಲ್ಲಿ ಕೂತಿದ್ದ. ಒಳಗೆ ಕಿಟಕಿ ಮುಚ್ಚಿತ್ತು. ಬೇವಿನ ಹೊಗೆ, ಹಳಸಿದ ಗಂಜಿ. ಮಂಚದ ಮೇಲೆ ಒಂದು ಹಿಡಿಯಷ್ಟಾಗಿ ತಿಪ್ಪೇಶ ಮಲಗಿದ್ದ. ಹೆಂಡತಿ ಅನುಷಾ ಹತ್ತಿಯಿಂದ ಅವನ ತುಟಿ ಒದ್ದೆ ಮಾಡುತ್ತಿದ್ದಳು. ಪ್ರದ್ಯುಮ್ನ ಬಗ್ಗಿ ನೋಡಿದ. ತುಟಿಗಳು ಒಂದಕ್ಕೊಂದು ಅಂಟಿದ್ದವು. ಅಂಚಿನುದ್ದಕ್ಕೂ ಚರ್ಮದ ಅಡಿಯಲ್ಲಿ ಸಣ್ಣ ಸಣ್ಣ ಕರಿಗೆರೆಗಳು. ಹೊಲಿಗೆಗಳು.

ತಿಪ್ಪೇಶ ಕಣ್ಣು ತೆರೆದ. ಹೆಂಡತಿಯನ್ನು ನೋಡಿದ.

ಬೇಡ, ಎಂದುಕೊಂಡ ಪ್ರದ್ಯುಮ್ನ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ನಾಲಿಗೆ ಕಚ್ಚಿದ. ರಕ್ತದ ಉಪ್ಪು ಬಂತು. ಅದರ ಹಿಂದೆಯೇ ಹೊಗೆಸೊಪ್ಪು.

“ಅನೂ… ಅಳಬ್ಯಾಡ ಕಣೇ,” ಎಂದಿತು ಬಾಯಿ, ಬೆರಳುಗಳ ಸಂದಿಯಿಂದ, ಗಂಡನೊಬ್ಬ ಹಾಸಿಗೆಯಲ್ಲಿ ಮಾತ್ರ ಆಡುವ ಮೆದುದನಿಯಲ್ಲಿ. “ನಾನ್ ಹೋದ್ರೆ ಅಪ್ಪಯ್ಯನ್ ಒಬ್ನೇ ಬಿಡಬ್ಯಾಡ. ನಿನ್ ಮ್ಯಾಲೆ ರೇಗಿದ್ನಲ್ಲ, ಬೇಕಂತ ಅಲ್ಲ ಕಣೇ. ನಿನ್ ಜಡೆ ಅಡೀಲಿ ಮಚ್ಚೆ ಐತಲ್ಲ, ನಾನ್ ದಿನಾ ಮುತ್ತು ಕೊಡೋ ಮಚ್ಚೆ, ಅದರಾಣೆ…”

ಅನುಷಾಳ ಕೈ ತಾನಾಗಿ ಕತ್ತಿನ ಹಿಂಭಾಗಕ್ಕೆ ಹೋಯಿತು. ಸೆರಗು ಎಳೆದುಕೊಂಡಳು. ಬೆತ್ತಲೆ ನಿಲ್ಲಿಸಿದಂತೆ ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿದಳು.

“ಹೊರಗ್ ನಡೀರಿ,” ಎಂದಳು. ಆಮೇಲೆ ಚೀರಿದಳು. “ಹೊರಗ್ ನಡೀರಿ ಅಂದೆ!”

ಅಂಗಳದಲ್ಲಿ ಈರಭದ್ರಪ್ಪ ಅವನ ತೋಳು ಹಿಡಿದ. “ಸ್ವಾಮೇರ, ಏನ್ ಮಾಡಿದ್ರಿ ನನ್ ಮಗಂಗೆ?”

“ನಾನೇನೂ ಮಾಡಿಲ್ಲ,” ಎಂದ ಪ್ರದ್ಯುಮ್ನ. ಈ ಮಾತಿಗೆ ಗಂಟಲು ಅಡ್ಡ ಬರಲಿಲ್ಲ. ತನ್ನದೇ ದನಿ, ತನ್ನದೇ ನಯ. ಅದಕ್ಕೇ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ತೀರ್ಥಮ್ಮ ಅವನನ್ನು ಕಂಡು ಅಚ್ಚರಿಪಡಲಿಲ್ಲ.

“ಅಗೆದು ತೆಗಿ, ಹೊಲಿಗೆ ಬಿಚ್ಚು,” ಎಂದಳು. “ಒಬ್ನೇ ಹೋಗ್ಬ್ಯಾಡ. ಅವನನ್ನ ಬಲ್ಲ ಜನದ ಮುಂದೆ, ಮಾಡಿದ್ದು ನಾನೇ ಅಂತ ನಿನ್ ಬಾಯಲ್ಲೇ ಹೇಳ್ಕಂಡು ಬಿಚ್ಚು.”

“ಹೇಳದೆ ಬಿಚ್ಚಿದ್ರೆ?”

“ಆ ಬಾಯಿ ಬಿಚ್ಕಂತದೆ. ದಾರಕ್ಕೆ ಇನ್ನೊಂದು ಬಾಯಿ ಬೇಕಾಗ್ತದೆ.”

ಅವನು ಕಾರ್ಖಾನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಮಷೀನು ಮಟ್ಟೆ ಬಡಿಯುತ್ತಿತ್ತು. ಹುಲಿಗೆಮ್ಮನೂ ಉಳಿದವರೂ ನಾರು ಜಾಡಿಸುತ್ತಿದ್ದರು. ಪ್ರದ್ಯುಮ್ನ ಮಷೀನು ನಿಲ್ಲಿಸಿದ. ಎಲ್ಲರೂ ತಿರುಗಿ ನೋಡಿದರು. ಈಗ ಹೇಳಬೇಕು. ಇವರ ಮುಂದೆಯೇ ಹೇಳಬೇಕು. ಬ್ಯಾಂಕಿನವರ ಮುಂದೆ ಕೂತು ಮಾತಾಡುವವನು, ಮಾಟದವಳ ಮನೆಯಲ್ಲಿ ಪಾಲುದಾರನ ಎಂಜಲು ಕೊಟ್ಟು ಕೂತಿದ್ದೆ ಎಂದು ಹೇಳಬೇಕು. ಹುಲಿಗೆಮ್ಮ ಬಟ್ಟೆ ಸರಿಸಿ ಕಾದಳು.

“ಇವತ್ತು ಬೇಗ ಬಿಟ್ಟಿದ್ದೀನಿ,” ಎಂದ ಅವನು. “ಎಲ್ಲರೂ ಮನೆಗೆ ಹೋಗಿ.”

ಅವರ ಮಾತು ರಸ್ತೆಯ ಕಡೆ ಕರಗಿದ ಮೇಲೆ ಗುದ್ದಲಿ ಹಿಡಿದು ಗುಡ್ಡದ ಹಿಂದೆ ಹೋದ. ಪಡುವಣದಲ್ಲಿ ಮೋಡ ಕಟ್ಟಿತ್ತು. ಗಾಳಿಯಿಲ್ಲ. ಹಕ್ಕಿಯಿಲ್ಲ. ಅಗೆದ. ಪುಡಿ ಜಾರಿ ಮತ್ತೆ ತುಂಬಿಕೊಂಡಿತು. ಗುದ್ದಲಿ ಬಿಸುಟು ಕೈಯಿಂದಲೇ ತೋಡಿದ. ಬಿಸಿ. ಉಸಿರಿನ ಬಿಸಿ. ತಾನು ಹೂತಿದ್ದು ಮೊಣಕೈ ಆಳಕ್ಕೆ. ಅಲ್ಲಿ ಇಲ್ಲ. ಭುಜದ ಆಳಕ್ಕೆ, ಅಲ್ಲೂ ಇಲ್ಲ. ತಲೆ ಒಳಗೆ ತೂರಿಸಿದ. ಸೊಂಟದವರೆಗೂ ಒಳಗೆ ತೆವಳಿದ. ಹುಳಿವಾಸನೆಯ ನಡುವೆ ಹೊಗೆಸೊಪ್ಪು. ಕತ್ತಲು.

ಒಳಗೆ ಯಾರೋ ನರಳಿದರು. ಎಮ್ಮೆಯಲ್ಲ. ಅಲ್ಲಿ ಎಮ್ಮೆಯಿರಲಿಲ್ಲ.

ಬೆರಳಿಗೆ ತಗುಲಿತು. ಮೆತ್ತಗೆ. ಬೆಚ್ಚಗೆ. ಕಾಗದವಲ್ಲ, ತುಟಿ. ಹೊಲಿದ ತುಟಿ. ಅದು ಮಿಡಿಯುತ್ತಿತ್ತು. ಎಳೆದ. ಬರಲಿಲ್ಲ. ಉಗುರಿನಿಂದ ದಾರ ಕಿತ್ತ. ಜಾರಿತು. ಮುಖ ಹತ್ತಿರ ತಂದ. ಹಲ್ಲಿನಿಂದ ಕಚ್ಚಿದ. ಒಂದು ಹೊಲಿಗೆ. ಇನ್ನೊಂದು. ಇನ್ನೊಂದು. ದಾರ ಹರಿಯಿತು. ಬಿಸಿಯುಸಿರು ಮುಖಕ್ಕೆ ರಾಚಿತು.

ಗುಡ್ಡ ಕುಸಿಯಿತು.

ಬೆನ್ನ ಮೇಲೆ. ಕತ್ತಿನ ಮೇಲೆ. ಮೂಗಿನಲ್ಲಿ ಪುಡಿ. ಕಣ್ಣಿನಲ್ಲಿ ಪುಡಿ. ಕೂಗಲು ಹೋದ. ಬಾಯಿ ತೆರೆಯಲಿಲ್ಲ. ತುಟಿಯ ಮೂಲೆಯಲ್ಲಿ ಸಣ್ಣ ನೋವು. ಸೂಜಿ. ಪಕ್ಕದಲ್ಲೇ ಇನ್ನೊಂದು. ಸಾವಕಾಶವಾಗಿ, ಒಂದೂ ತಪ್ಪದೆ, ಯಾರೋ ಹೊಲಿಯುತ್ತಿದ್ದರು.

ಊಟದ ಡಬ್ಬಿ ಮರೆತಿದ್ದ ಹುಲಿಗೆಮ್ಮ ಅರ್ಧ ದಾರಿಯಿಂದ ಹಿಂದಿರುಗಿ ಬರದಿದ್ದರೆ ಅವನು ಅಲ್ಲೇ ಮುಗಿಯುತ್ತಿದ್ದ. ಗುಡ್ಡದಿಂದ ಹೊರಚಾಚಿದ ಎರಡು ಪಾದಗಳನ್ನು ಕಂಡು ಅವಳು ಬೊಬ್ಬೆ ಹೊಡೆದಳು. ರಸ್ತೆಯಲ್ಲಿದ್ದ ಹೆಂಗಸರು ಓಡಿ ಬಂದು ಎಳೆದು ಹಾಕಿದರು. ಅದೇ ಹೊತ್ತಿಗೆ ಸಿಂಗಟಗೆರೆಯಲ್ಲಿ ತಿಪ್ಪೇಶ, “ಅನೂ, ನೀರು ಕೊಡೇ,” ಎಂದನಂತೆ.

ಪ್ರದ್ಯುಮ್ನ ಬದುಕಿದ. ಅನ್ನ ನೀರು ಇಳಿಯುತ್ತಿತ್ತು, ಬಾಯಿ ತೆರೆಯುತ್ತಿತ್ತು. ದನಿ ಮಾತ್ರ ಹೋಗಿತ್ತು. ಪುಡಿ ಒಳಗೆ ಹೋಗಿ ಹಾಗಾಗಿದೆ ಎಂದರು ಡಾಕ್ಟರು. ತಿಪ್ಪೇಶ ಚೇತರಿಸಿಕೊಂಡದ್ದೇ ಕಡೂರಿಗೆ ಓಡಿ ಬಂದ. ಮಂಚದ ಪಕ್ಕ ಕೂತು ಕಾಲೊತ್ತಿದ. “ನನ್ ಕಾಯ್ಲೆ ವಾಸಿಯಾಗ್ಲಿ ಅಂತ ಏನೋ ಹರಕೆ ಹೊತ್ತು ಗುಡ್ಡ ಅಗೀತಿದ್ರಂತಲ್ಲ ಕಣ್ರೀ,” ಎಂದು ಕಣ್ಣೊರೆಸಿಕೊಂಡ. ಅಂಥದ್ದೊಂದು ಸುದ್ದಿ ಹೆಂಗಸರ ನಡುವೆ ತಾನಾಗಿ ಹುಟ್ಟಿತ್ತು. ಜಾನಕಮ್ಮ ತಿಪ್ಪೇಶನಿಗೆ ಬೆಳ್ಳಿಲೋಟದಲ್ಲಿ ಕಾಫಿ ತಂದಿಟ್ಟರು. ಪ್ರದ್ಯುಮ್ನ ಗೋಡೆಯ ಕಡೆ ಹೊರಳಿ ಮಲಗಿದ.

ಅವನು ಮತ್ತೆ ಕಾರ್ಖಾನೆಗೆ ಕಾಲಿಟ್ಟ ದಿನ ತಿಪ್ಪೇಶ ಬಾಗಿಲಲ್ಲೇ ತಡೆದು ದೃಷ್ಟಿ ತೆಗೆದ, ತೆಂಗಿನಕಾಯಿ ಒಡೆದ. ಆಳುಗಳೆಲ್ಲ ಸುತ್ತ ನೆರೆದಿದ್ದರು. ಅವರನ್ನು ಸರಿಸಿಕೊಂಡು ಅನುಷಾ ಮುಂದೆ ಬಂದಳು. ಸೆರಗು ಕತ್ತಿನ ಸುತ್ತ ಬಿಗಿಯಾಗಿ ಹೊದ್ದಿದ್ದಳು. ಒಂದು ಹಾಳೆ, ಪೆನ್ನು ಅವನ ಮುಂದೆ ಹಿಡಿದಳು.

“ಮಾತು ಹೋದ್ರೇನು, ಕೈ ಐತಲ್ಲ,” ಎಂದಳು. “ನನ್ ಗಂಡನ್ ಮಾತು ನಿಮ್ ಬಾಯಲ್ಲಿ ಹೆಂಗ್ ಬಂತು, ಬರೀರಿ.”

“ಲೇ, ಬಿಡೇ ಅವರನ್ನ,” ಎಂದ ತಿಪ್ಪೇಶ.

“ಬರೀಲಿ.”

ಕೈಗೆ ಏನೂ ಆಗಿರಲಿಲ್ಲ. ಯಾವ ದಾರವೂ ಅದನ್ನು ಕಟ್ಟಿರಲಿಲ್ಲ. ಹುಲಿಗೆಮ್ಮ ನೋಡುತ್ತಿದ್ದಳು, ಚನ್ನಬಸಪ್ಪ ನೋಡುತ್ತಿದ್ದ. ಪ್ರದ್ಯುಮ್ನ ಪೆನ್ನು ತೆಗೆದುಕೊಂಡು ದುಂಡಗೆ ಬರೆದ: ಗೊತ್ತಿಲ್ಲ.

“ನೋಡ್ದಾ? ಅವರ್ಗೇನ್ ಗೊತ್ತು ಪಾಪ.” ತಿಪ್ಪೇಶ ಹಾಳೆ ಇಸಿದುಕೊಂಡ. ಎಲ್ಲರಿಗೂ ಓದಿ ಹೇಳಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ಕುತ್ತಿಗೆ ಉಬ್ಬಿತು. ಕಣ್ಣು ಅಗಲವಾದವು. ಹೊರಬಂದದ್ದು ನಯವಾದ ಪೇಟೆಯ ದನಿ, ಪ್ರದ್ಯುಮ್ನ ಕಳೆದುಕೊಂಡಿದ್ದ ದನಿ.

“ಇವನ ಬಾಯಿ ಕಟ್ಟಿಸಿದ್ದು ನಾನೇ. ತೀರ್ಥಮ್ಮನ ಮನೆಗೆ ಇವನ ಎಂಜಲು ಕಪ್ಪು ನಾನೇ ತಂದುಕೊಟ್ಟೆ. ದೊಡ್ಡವರ ಮುಂದೆ ಇವನ ಪಕ್ಕ ನಿಲ್ಲೋದಕ್ಕೆ ನಾಚಿಕೆ ಆಗ್ತಿತ್ತು. ತಮಾಷೆ ಅಂದುಕೊಂಡೆ. ಇಲ್ಲ, ತಮಾಷೆ ಅಲ್ಲ ಅಂತ ಆಗಲೇ ಗೊತ್ತಿತ್ತು. ಇವನು ಸಾಯ್ತಿದ್ದಾಗಲೂ ಹೇಳಲಿಲ್ಲ. ಈಗಲೂ ಹೇಳ್ತಿರಲಿಲ್ಲ.”

ದನಿ ನಿಂತಿತು. ಪ್ರದ್ಯುಮ್ನ ನೆಲ ನೋಡಿದ. ಒಡೆದ ಕಾಯಿಯ ನೀರು ಮಣ್ಣಿಗೆ ಇಳಿಯುತ್ತಿತ್ತು.

ತಿಪ್ಪೇಶ ಎರಡು ಸಲ ಉಗುಳಿ ಬಾಯಿ ಒರೆಸಿಕೊಂಡ. ಮತ್ತೆ ಮಾತಾಡಿದಾಗ ದನಿ ಅವನದೇ ಆಗಿತ್ತು, ಬಹಳ ಮೆಲ್ಲಗಿತ್ತು.

“ಇಷ್ಟನ್ನ ನೀವೇ ಬಂದು ಹೇಳಿದ್ರೆ, ಒಂದೇಟು ಹೊಡ್ದು ಸುಮ್ಕಾಗ್ತಿದ್ದೆ ಕಣ್ರೀ.”

ಪ್ರದ್ಯುಮ್ನನ ಎದೆಯಲ್ಲಿ ಇನ್ನೊಂದು ಮಾತು ಎದ್ದಿತು. ಅದು ಮೇಲೇರತೊಡಗಿದ್ದು ತಿಪ್ಪೇಶನಿಗೂ ತಿಳಿಯಿತೇನೋ. ಅವನ ತುಟಿ ಅದುರಿತು. ತಟ್ಟನೆ ಹೆಗಲಿನ ಟವೆಲು ಎಳೆದು ತನ್ನ ಬಾಯಿಗೆ ಸುತ್ತಿ, ತಲೆಯ ಹಿಂದೆ ಬಿಗಿಯಾಗಿ ಗಂಟು ಹಾಕಿಕೊಂಡ. ಹೋಗಿ ಮಷೀನಿನ ಸ್ವಿಚ್ಚು ಒತ್ತಿದ. ಹೆಂಗಸರು ಒಬ್ಬೊಬ್ಬರಾಗಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ನಡೆದರು. ಅಂಗಳದಲ್ಲಿ ಪ್ರದ್ಯುಮ್ನನೊಬ್ಬನೇ ಉಳಿದ, ಬಾಯಿ ತೆರೆದುಕೊಂಡು.